ಬಿ.ಪಿ. ಇದ್ದವರಿಗೆ ಕೊಲೆಸ್ಟೆರಾಲ್ ಮಾತ್ರೆ ಏಕೆ?

"ಸಾರ್, ನಮ್ಮಪ್ಪನಿಗೆ ಇರೋದು ಬಿ.ಪಿ. ಅಷ್ಟೇ. ಕೊಲೆಸ್ಟೆರಾಲ್ ಸರಿಯಾಗಿದೆ ಅಂತ ಲ್ಯಾಬ್ ರಿಪೋರ್ಟಿನಲ್ಲೇ ಇದೆ. ಆದ್ರೂ ಡಾಕ್ಟ್ರು ಕೊಲೆಸ್ಟೆರಾಲ್ ಮಾತ್ರೆ ಬರೆದಿದ್ದಾರೆ. ಅಪ್ಪ ಅದನ್ನ ಬಿಟ್ಟುಬಿಡ್ತೀನಿ ಅಂತಿದ್ದಾರೆ. ಬಿಡಬಹುದಾ ಸಾರ್?"

ಕೆ.ಆರ್. ಪುರದ ಕಡೆಯಿಂದ ಬರುವ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರಕ್ತಪರಿಚಲನೆಯ ಪಾಠ ಮುಗಿದ ಮೇಲೆ ಕೇಳಿದ ಪ್ರಶ್ನೆ ಇದು. ಮಾತ್ರೆ ಬಿಡುವುದೋ ಬೇಡವೋ ಎಂಬುದು ಆಕೆಯ ತಂದೆ ಮತ್ತು ಅವರ ವೈದ್ಯರು ಕೂತು ತೀರ್ಮಾನಿಸಬೇಕಾದ ವಿಷಯ. ಮೇಷ್ಟರು ತಲೆ ಹಾಕುವಂಥದ್ದಲ್ಲ. ಆದರೆ 'ಏಕೆ ಕೊಟ್ಟರು' ಎಂಬುದು ವಿಜ್ಞಾನದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಹುದು, ಹೇಳಲೂಬೇಕು.

ಇದರ ತಿರುವುಮುರುವಾದ ನಂಬಿಕೆಯೂ ಚಲಾವಣೆಯಲ್ಲಿದೆ. ಹಲಸೂರು ಕೆರೆಯ ಸುತ್ತ ಬೆಳಗಿನ ನಡಿಗೆಗೆ ಬರುವ ಹಿರಿಯರ ಮಾತಿಗೆ ಕಿವಿಗೊಟ್ಟರೆ ಸಾಕು: "ಕೊಲೆಸ್ಟೆರಾಲ್ ಮಾತ್ರೆ ತಗೊಂಡ್ರೆ ರಕ್ತನಾಳ ಕ್ಲೀನ್ ಆಗುತ್ತೆ. ಆಮೇಲೆ ಬಿ.ಪಿ. ತಾನಾಗೇ ಇಳಿಯುತ್ತೆ. ಎರಡೆರಡು ಮಾತ್ರೆ ಯಾಕ್ರೀ?" ಒಬ್ಬರು ಕೊಲೆಸ್ಟೆರಾಲ್ ಮಾತ್ರೆ ಬಿಡುತ್ತಾರೆ, ಇನ್ನೊಬ್ಬರು ಬಿ.ಪಿ. ಮಾತ್ರೆ ಬಿಡುತ್ತಾರೆ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆಯ ಸುತ್ತಮುತ್ತಲ ಔಷಧದ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೆ, ಮಡಿಕೆ ಬಿದ್ದ ಹಳೆಯ ಚೀಟಿ ತೋರಿಸಿ "ಇದೊಂದು ಸಾಕು, ಅದು ಬೇಡ" ಎನ್ನುವವರು ಕಾಣಸಿಗುತ್ತಾರೆ.

ಇದು ನಾಲ್ಕು ಮನೆಗಳ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 35 ಮಂದಿಗೆ ರಕ್ತದ ಏರೊತ್ತಡವೂ 24 ಮಂದಿಗೆ ಹೆಚ್ಚಿನ ಕೊಲೆಸ್ಟೆರಾಲೂ ಕಂಡುಬಂದಿದ್ದವು. ಈ ಲೇಖನ ಓದುತ್ತಿರುವ ಮನೆಗಳಲ್ಲಿ ಮೂರಕ್ಕೊಂದರಲ್ಲಾದರೂ ಬಿ.ಪಿ. ಮಾತ್ರೆಯ ಪಟ್ಟಿ ಇದ್ದರೆ ಆಶ್ಚರ್ಯವಿಲ್ಲ.

ನಲ್ಲಿಯ ಪೈಪು ಮತ್ತು ಜೀವಂತ ನಾಳ

ಬೆಂಗಳೂರಿನ ಪೂರ್ವಭಾಗದವರಿಗೆ ಗಡಸು ನೀರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ಗೀಸರಿನ ಕಾಯಿಲ್ ಬಿಚ್ಚಿ ನೋಡಿದರೆ ಸುಣ್ಣದ ಹಕ್ಕಳೆ ಬೆರಳಗಲ ಕಟ್ಟಿರುತ್ತದೆ. ಪೈಪಿನ ಒಳಗೂ ಅದೇ ಕಥೆ. ರಕ್ತನಾಳದಲ್ಲಿ ಕೊಲೆಸ್ಟೆರಾಲ್ ಕಟ್ಟುವುದನ್ನು ವಿವರಿಸುವಾಗ ಎಲ್ಲರೂ ಕೊಡುವ ಹೋಲಿಕೆ ಇದೇ. ಪೈಪು ಕಿರಿದಾಯಿತು, ಆದ್ದರಿಂದ ಒತ್ತಡ ಏರಿತು, ಪೈಪು ತೊಳೆದರೆ ಒತ್ತಡ ಇಳಿಯಿತು. ಕೇಳಲು ಎಷ್ಟು ಸಲೀಸು! ಕೆರೆಯ ದಂಡೆಯ ಆ ಸಿದ್ಧಾಂತ ಹುಟ್ಟಿದ್ದೂ ಇದರಿಂದಲೇ. ಹೋಲಿಕೆ ಅರ್ಧ ನಿಜ, ಅರ್ಧ ಸುಳ್ಳು.

ಮೊದಲನೆಯದಾಗಿ, ಅಪಧಮನಿ ಪೈಪಲ್ಲ, ಜೀವಂತ ನಾಳ. ಅದರ ಗೋಡೆಗೆ ಮೂರು ಪದರಗಳಿವೆ. ಎಲ್ಲಕ್ಕಿಂತ ಒಳಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಹಾಸು. ಕೊಲೆಸ್ಟೆರಾಲ್ ಈ ಹಾಸಿನ ಮೇಲೆ ಸುಣ್ಣದಂತೆ ಮೆತ್ತಿಕೊಳ್ಳುವುದಿಲ್ಲ. ಹಾಸನ್ನು ದಾಟಿ ಗೋಡೆಯ ಒಳಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿಗೆ ರಕ್ತದ ಬಿಳಿಯ ಕಣಗಳು ಬಂದು ಅದನ್ನು ನುಂಗುತ್ತವೆ, ನುಂಗಿ ನುಂಗಿ ಉಬ್ಬುತ್ತವೆ, ಸಾಯುತ್ತವೆ. ಗೋಡೆಯೊಳಗೆ ಒಂದು ಜಿಡ್ಡಿನ ಗಂಟು ಬೆಳೆಯುತ್ತದೆ. ಎಂದೋ ಒಂದು ದಿನ ಗಂಟಿನ ಮೇಲ್ಪದರ ಒಡೆದರೆ, ಗಾಯವೆಂದು ತಿಳಿದು ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಲಕ್ವ.

ಎರಡನೆಯದಾಗಿ, ಬಹುತೇಕ ಮಂದಿಯ ಬಿ.ಪಿ. ಏರುವುದು ಈ ಗಂಟುಗಳಿಂದಲ್ಲ. ರಕ್ತದ ಒತ್ತಡವನ್ನು ನಿರ್ಧರಿಸುವವು ಮುಖ್ಯವಾಗಿ ಕೂದಲೆಳೆಯಂಥ ಕಿರುಧಮನಿಗಳು ಎಷ್ಟು ಬಿಗಿದುಕೊಂಡಿವೆ ಎಂಬುದು, ಮೂತ್ರಪಿಂಡಗಳು ಎಷ್ಟು ಉಪ್ಪು ಮತ್ತು ನೀರನ್ನು ಉಳಿಸಿಕೊಂಡಿವೆ ಎಂಬುದು, ಹೃದಯ ಎಷ್ಟು ರಭಸದಿಂದ ಪಂಪು ಮಾಡುತ್ತಿದೆ ಎಂಬುದು. ಜಿಡ್ಡಿನ ಗಂಟು ಬೆಳೆಯುವುದು ದೊಡ್ಡ ಮತ್ತು ಮಧ್ಯಮ ಗಾತ್ರದ ಅಪಧಮನಿಗಳಲ್ಲಿ. ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯಲ್ಲೇ ಗಂಟು ಕಟ್ಟಿ ಬಿ.ಪಿ. ಏರುವ ಪ್ರಸಂಗಗಳುಂಟು, ಅವು ಕಡಿಮೆ. ವಯಸ್ಸಾದಂತೆ ದೊಡ್ಡ ನಾಳಗಳು ರಬ್ಬರಿನ ಗುಣ ಕಳೆದುಕೊಂಡು ಪೆಡಸಾದಾಗ ಮೇಲಿನ ಅಂಕಿ ಏರುತ್ತದೆ, ಅದೂ ನಿಜ. ಆದರೂ 'ಕೊಬ್ಬು ಅಂಟಿದ್ದರಿಂದ ಬಿ.ಪಿ. ಬಂತು' ಎಂಬ ಲೆಕ್ಕ ಹೆಚ್ಚಿನವರಿಗೆ ಅನ್ವಯಿಸದು.

ಹಾಗಾದರೆ ಇವೆರಡಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಹರಿಯುವುದು ಬೇರೆ ದಿಕ್ಕಿನಲ್ಲಿ. ಇದನ್ನು ಅರಿಯಲು ಒಂದು ಸೊಗಸಾದ ಸಾಕ್ಷ್ಯವಿದೆ. ಜೀವಶಾಸ್ತ್ರದ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು.

ನಮ್ಮ ಮೈಯಲ್ಲಿ ಹರಿಯುವುದು ಒಂದೇ ರಕ್ತ. ಅಪಧಮನಿಯಲ್ಲಿ ಇರುವಷ್ಟೇ ಕೊಲೆಸ್ಟೆರಾಲ್ ಅಭಿಧಮನಿಯಲ್ಲೂ ಇರುತ್ತದೆ. ಹಾಗಿದ್ದೂ ಜಿಡ್ಡಿನ ಗಂಟು ಅಪಧಮನಿಯಲ್ಲಿ ಮಾತ್ರ ಬೆಳೆಯುತ್ತದೆ. ಅಭಿಧಮನಿ ಎಪ್ಪತ್ತು ವರ್ಷವಾದರೂ ನಯವಾಗಿಯೇ ಇರುತ್ತದೆ. ಏಕೆ? ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನಿಂದ ಒಂದು ಅಭಿಧಮನಿಯನ್ನು ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ಅದುವರೆಗೆ ಕಾಲಿನಲ್ಲಿ ಕಡಿಮೆ ಒತ್ತಡದಲ್ಲಿ ಬಾಳಿದ ಆ ನಾಳ ಈಗ ಅಪಧಮನಿಯ ಜಾಗಕ್ಕೆ ಬಂದು, ದಿನಕ್ಕೆ ಲಕ್ಷ ಸಲ ಹೃದಯದ ಹೊಡೆತ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ಅದರಲ್ಲೂ ಜಿಡ್ಡು ಕಟ್ಟತೊಡಗುತ್ತದೆ! ರಕ್ತ ಅದೇ, ನಾಳವೂ ಅದೇ. ಬದಲಾದದ್ದು ಮುಖ್ಯವಾಗಿ ಒತ್ತಡ.

ಅಂದರೆ ಕೊಲೆಸ್ಟೆರಾಲ್ ಸರಕು, ಒತ್ತಡ ಅದನ್ನು ಗೋಡೆಯೊಳಕ್ಕೆ ತಳ್ಳುವ ಕೈ. ಒತ್ತಡ ಹೆಚ್ಚಿದಷ್ಟೂ ಒಳಹಾಸು ಜಖಂ ಆಗುತ್ತದೆ, ಸರಕು ಒಳನುಗ್ಗುತ್ತದೆ. ಆದ್ದರಿಂದ ಬಿ.ಪಿ. ಇರುವವರ ರಕ್ತದಲ್ಲಿ ಕೊಲೆಸ್ಟೆರಾಲ್ 'ಸಾಧಾರಣ'ವಾಗಿದ್ದರೂ ಅದು ಮಾಡುವ ಹಾನಿ ಸಾಧಾರಣವಾಗಿರಬೇಕೆಂದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪುಟ್ಟ ಊರಿನ ಜನರನ್ನು 1948ರಿಂದ ತಲೆಮಾರುಗಟ್ಟಲೆ ಪರೀಕ್ಷಿಸುತ್ತ ಬಂದ ವೈದ್ಯರು ಕಂಡುಕೊಂಡದ್ದೂ ಇದನ್ನೇ: ಬಿ.ಪಿ., ಕೊಲೆಸ್ಟೆರಾಲ್, ಧೂಮಪಾನ, ಸಕ್ಕರೆ ಕಾಯಿಲೆ ಒಟ್ಟುಗೂಡಿದಾಗ ಅಪಾಯ ಒಂದಕ್ಕೊಂದು ಕೂಡುವ ಬದಲು ಗುಣಿಸಿಕೊಳ್ಳುತ್ತ ಹೋಗುತ್ತದೆ.

ಅಕ್ಕಿಯ ಬೂಷ್ಟಿನಲ್ಲಿ ಸಿಕ್ಕ ಮದ್ದು

ಕೊಲೆಸ್ಟೆರಾಲ್ ಎಂದೊಡನೆ ಬೆಣ್ಣೆ, ಮೊಟ್ಟೆ, ಬಿರಿಯಾನಿ ನೆನಪಾಗುತ್ತವೆ. ಆದರೆ ದೇಹದಲ್ಲಿರುವ ಕೊಲೆಸ್ಟೆರಾಲಿನ ಬಹುಪಾಲನ್ನು ತಯಾರಿಸುವುದು ದೇಹವೇ. ಅದರಲ್ಲೂ ಯಕೃತ್ತಿನ ಪಾಲು ದೊಡ್ಡದು. ಅದೇನೂ ವಿಷವಲ್ಲ. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಎಣ್ಣೆಯಂಥ ವಸ್ತುವಾದ್ದರಿಂದ ನೀರಿನಂಥ ರಕ್ತದಲ್ಲಿ ಕರಗದು; ಪ್ರೋಟೀನಿನ ಹೊದಿಕೆಯ ಪೊಟ್ಟಣಗಳಲ್ಲಿ ಸಾಗಾಟವಾಗುತ್ತದೆ. ಅಂಥ ಒಂದು ಬಗೆಯ ಪೊಟ್ಟಣಕ್ಕೆ ಎಲ್.ಡಿ.ಎಲ್. ಎಂದು ಹೆಸರು. ಗೋಡೆಯೊಳಗೆ ನುಗ್ಗುವುದು ಮುಖ್ಯವಾಗಿ ಇದೇ.

ಯಕೃತ್ತಿನಲ್ಲಿ ಕೊಲೆಸ್ಟೆರಾಲ್ ತಯಾರಾಗಲು ಒಂದರ ಹಿಂದೊಂದರಂತೆ ಹತ್ತಾರು ರಾಸಾಯನಿಕ ಕ್ರಿಯೆಗಳು ನಡೆಯಬೇಕು. ಅವುಗಳ ಪೈಕಿ ಆರಂಭದ ಒಂದು ಹಂತವನ್ನು ನಡೆಸುವ ಕಿಣ್ವವೇ ಇಡೀ ಸಾಲಿನ ವೇಗವನ್ನು ನಿರ್ಧರಿಸುತ್ತದೆ. ಅದನ್ನು ತಡೆಯುವ ವಸ್ತು ಸಿಕ್ಕೀತೇ ಎಂದು 1971ರಲ್ಲಿ ಹುಡುಕಾಟ ಆರಂಭಿಸಿದವರು ಜಪಾನಿನ ಅಕಿರಾ ಎಂಡೊ. ಅವರ ತರ್ಕ ನೋಡಿ: ಬೂಷ್ಟುಗಳು ತಮ್ಮ ಶತ್ರು ಸೂಕ್ಷ್ಮಜೀವಿಗಳ ಮೇಲೆ ನಾನಾ ರಾಸಾಯನಿಕಗಳನ್ನು ಪ್ರಯೋಗಿಸುತ್ತವೆ, ಪೆನಿಸಿಲಿನ್ ಸಿಕ್ಕಿದ್ದು ಹಾಗೆಯೇ. ಶತ್ರುವಿನ ಕೊಬ್ಬಿನ ತಯಾರಿಕೆಯನ್ನೇ ನಿಲ್ಲಿಸುವ ಬೂಷ್ಟು ಒಂದಾದರೂ ಇರಬಾರದೇಕೆ? ಎರಡು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಬೂಷ್ಟುಗಳನ್ನು ಬೆಳೆಸಿ ಪರೀಕ್ಷಿಸಿದರು. ಕೊನೆಗೆ 1973ರಲ್ಲಿ, ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಿಂದ ಬಂದಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ ಅದು ಸಿಕ್ಕಿತು.

ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಇಲಿಗಳಿಗೆ ಕೊಟ್ಟು ನೋಡಿದರೆ ಕೊಲೆಸ್ಟೆರಾಲ್ ಇಳಿಯಲೇ ಇಲ್ಲ. ಮದ್ದನ್ನು ಮೂಲೆಗೆಸೆಯುವ ಹಂತದಲ್ಲಿ, ಸಹೋದ್ಯೋಗಿಯೊಬ್ಬರ ಬಳಿ ಮೊಟ್ಟೆಯಿಡುವ ಕೋಳಿಗಳಿದ್ದವು, ಅವುಗಳಿಗೆ ಕೊಟ್ಟರು. ಕೋಳಿಗಳ ರಕ್ತದ ಕೊಲೆಸ್ಟೆರಾಲ್ ಸುಮಾರು ಅರ್ಧಕ್ಕಿಳಿಯಿತು! ಇಲಿಯ ರಕ್ತದಲ್ಲಿ ಇಳಿಸಬೇಕಾದ ಎಲ್.ಡಿ.ಎಲ್. ಇರುವುದೇ ಅತ್ಯಲ್ಪ ಎಂಬುದು ಕಾರಣ. ಯಾವ ಪ್ರಾಣಿಯ ಮೇಲೆ ಪ್ರಯೋಗ ಮಾಡಬೇಕೆಂಬ ಆಯ್ಕೆಯಲ್ಲೇ ಒಂದು ಔಷಧದ ಹಣೆಬರಹ ನಿಂತಿತ್ತು ಎನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ.

ಈ ಬಗೆಯ ಮದ್ದುಗಳಿಗೆ ಸ್ಟ್ಯಾಟಿನ್ ಎಂಬ ಕುಲನಾಮ ಬಂತು. ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎಲ್ಲ ಅದೇ ಕುಲದವು. ನಿಮ್ಮ ಮನೆಯ ಮಾತ್ರೆಯ ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಹೆಸರು 'ಸ್ಟ್ಯಾಟಿನ್' ಎಂದು ಕೊನೆಗೊಂಡರೆ ಅದು ಕೊಲೆಸ್ಟೆರಾಲಿನ ಮಾತ್ರೆ. ಮೊದಲ ಸ್ಟ್ಯಾಟಿನ್ ಆಗಿ ಲೊವಾಸ್ಟ್ಯಾಟಿನ್ 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಅದೂ ಬೂಷ್ಟಿನ ಮಗುವೇ. ಹಾಗೆ ಬೂಷ್ಟು ಬೆಳೆಸಿ ಮದ್ದು ತೆಗೆಯುವ ವಿದ್ಯೆಯಲ್ಲಿ ಬೆಂಗಳೂರು ಹೆಸರು ಮಾಡಿತು. ಕಿರಣ್ ಮಜುಂದಾರ್ 1978ರಲ್ಲಿ ಪರಂಗಿಕಾಯಿಯ ಕಿಣ್ವ ತೆಗೆಯುವುದರಿಂದ ಆರಂಭಿಸಿದ, ಹೊಸೂರು ರಸ್ತೆಯ ಬಯೋಕಾನ್ ಸಂಸ್ಥೆಗೆ ಲೊವಾಸ್ಟ್ಯಾಟಿನ್ ತಯಾರಿಸಲು ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ 2001ರಲ್ಲಿ ಸಿಕ್ಕಿತು.

ಮಾತ್ರೆ ಕಿಣ್ವವನ್ನು ತಡೆದಾಗ ಏನಾಗುತ್ತದೆ? ಯಕೃತ್ತಿನ ಜೀವಕೋಶಕ್ಕೆ ಕೊಲೆಸ್ಟೆರಾಲಿನ ಬರ. ಆಗ ಅದು ತನ್ನ ಮೈಮೇಲೆ ಎಲ್.ಡಿ.ಎಲ್. ಹಿಡಿಯುವ ಗ್ರಾಹಕಗಳನ್ನು ಹೆಚ್ಚು ಹೆಚ್ಚಾಗಿ ಬೆಳೆಸಿಕೊಂಡು, ಹರಿಯುವ ರಕ್ತದಿಂದ ಪೊಟ್ಟಣಗಳನ್ನು ಎಳೆದುಕೊಳ್ಳುತ್ತದೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಎಂಡೊ ಅವರಿಗೆ ಬರಲಿಲ್ಲ. 2024ರ ಜೂನ್‌ನಲ್ಲಿ ತೀರಿಕೊಂಡರು.

ಇಲ್ಲೊಂದನ್ನು ಗಮನಿಸಿ. ಸ್ಟ್ಯಾಟಿನ್ ಕೆಲಸ ಮಾಡುವ ವಿಳಾಸ ಯಕೃತ್ತು. ಬಿ.ಪಿ. ಮಾತ್ರೆಗಳ ವಿಳಾಸಗಳೇ ಬೇರೆ. ಆಮ್ಲೋಡಿಪಿನ್ ಕಿರುಧಮನಿಯ ಸ್ನಾಯುವನ್ನು ಸಡಿಲಿಸುತ್ತದೆ. ಥಯಾಜೈಡ್ ಮೂತ್ರಪಿಂಡದ ಮೂಲಕ ಉಪ್ಪು, ನೀರು ಹೊರಹಾಕುತ್ತದೆ. ಅಟೆನೊಲಾಲ್ ಹೃದಯದ ಓಟವನ್ನು ನಿಧಾನಗೊಳಿಸುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ಗಳು ನಾಳ ಬಿಗಿಯುವಂತೆ ಮಾಡುವ ಹಾರ್ಮೋನಿನ ದಾರಿಗೆ ಅಡ್ಡಬರುತ್ತವೆ. (ಇವೆಲ್ಲಕ್ಕೂ ಮುಂಚೆ ನಮ್ಮ ಸರ್ಪಗಂಧ ಇತ್ತು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಗುಣವನ್ನು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಪಶ್ಚಿಮದವರು ಅದರ ಕಡೆ ತಿರುಗಿ ನೋಡಿದ್ದು.)

ಹಾಗಾದರೆ ಬಿ.ಪಿ. ಇಳಿಯುವುದೇ ಇಲ್ಲವೇ?

ಸ್ವಲ್ಪ ಇಳಿಯಬಹುದು, ತೀರ ಸ್ವಲ್ಪ. ರಕ್ತನಾಳದ ಒಳಹಾಸು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಬಿಟ್ಟು ನಾಳವನ್ನು ಸಡಿಲಿಸುತ್ತದೆ. ಇದನ್ನು ಪತ್ತೆ ಮಾಡಿದವರಿಗೆ 1998ರ ನೊಬೆಲ್ ಸಂದಿತು. ಎಲ್.ಡಿ.ಎಲ್. ಹೆಚ್ಚಿದಾಗ ಈ ಅನಿಲಕ್ಕೆ ಕುತ್ತು; ಸ್ಟ್ಯಾಟಿನ್ ಕೊಟ್ಟಾಗ ಅದು ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಬಿ.ಪಿ.ಯೂ ಇಳಿದೀತು ಎಂದು ಸಂಶೋಧಕರು ನಿರೀಕ್ಷಿಸಿದ್ದು ಸಹಜವೇ. ಇಟಲಿಯವರು 2007ರಲ್ಲಿ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಹಾಕಿ ನೋಡಿದಾಗ ಮೇಲಿನ ಅಂಕಿಯಲ್ಲಿ ಸರಾಸರಿ ಸುಮಾರು 2 ಮಿಲಿಮೀಟರ್ ಇಳಿತ ಕಂಡಿತು. ಮೊದಲೇ ಒತ್ತಡ ಹೆಚ್ಚಿದ್ದವರಲ್ಲಿ 4ರ ಸುಮಾರು. ಆದರೆ ಇಟಲಿಯಲ್ಲೇ ಬಿ.ಪಿ. ರೋಗಿಗಳ ಮೇಲೆ ಎಚ್ಚರದಿಂದ ನಡೆಸಿ 2010ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಪ್ರವಾಸ್ಟ್ಯಾಟಿನ್ ಬಿ.ಪಿ.ಯನ್ನು ಇಳಿಸಲೇ ಇಲ್ಲ. 160 ಇದ್ದವರು 140ರ ಒಳಗೆ ಬರಬೇಕಾದಾಗ ಎರಡೋ ನಾಲ್ಕೋ ಮಿಲಿಮೀಟರಿನ ಇಳಿತ ಯಾವ ಮೂಲೆಗೆ?

ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗ ನಮ್ಮ ಊರಿನಿಂದಲೇ ನಡೆದದ್ದು. ಹಲವು ಮದ್ದುಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿಕೊಟ್ಟರೆ ಹೇಗೆ ಎಂಬ ಯೋಚನೆಯನ್ನು ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು 2003ರಲ್ಲಿ ಮುಂದಿಟ್ಟಿದ್ದರು. ಅಹಮದಾಬಾದಿನ ಕಂಪನಿಯೊಂದು 'ಪಾಲಿಕ್ಯಾಪ್' ಎಂಬ ಅಂಥ ಗುಳಿಗೆ ತಯಾರಿಸಿತು. ಅದರಲ್ಲಿದ್ದವು ಮೂರು ಬಿ.ಪಿ. ಮದ್ದುಗಳು (ಥಯಾಜೈಡ್, ರಾಮಿಪ್ರಿಲ್, ಅಟೆನೊಲಾಲ್), ಒಂದು ಸ್ಟ್ಯಾಟಿನ್ ಮತ್ತು ಆಸ್ಪಿರಿನ್. ಇದನ್ನು ಜನರ ಮೇಲೆ ಪರೀಕ್ಷಿಸುವ ಹೊಣೆ ಹೊತ್ತದ್ದು ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. ಅಲ್ಲಿನ ಪ್ರೇಮ್ ಪೈಸ್, ಡೆನಿಸ್ ಕ್ಸೇವಿಯರ್ ಮತ್ತು ಅದೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಹೃದ್ರೋಗತಜ್ಞ ಸಲೀಂ ಯೂಸುಫ್ ಇದರ ಮುಂದಾಳುಗಳು. ದೇಶದ 50 ಕೇಂದ್ರಗಳಲ್ಲಿ 45ರಿಂದ 80 ವಯಸ್ಸಿನ 2053 ಮಂದಿ ಭಾಗವಹಿಸಿದರು. ಫಲಿತಾಂಶ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಪ್ರಯೋಗದ ರಚನೆ ನೋಡಿ, ನಮ್ಮ ಪ್ರಯೋಗಾಲಯದ ಪಾಠದಂತಿದೆ. ಎಲ್ಲರಿಗೂ ಪಾಲಿಕ್ಯಾಪ್ ಕೊಡಲಿಲ್ಲ. ಒಂಬತ್ತು ಗುಂಪು ಮಾಡಿದರು. ಒಂದಕ್ಕೆ ಬರೀ ಸ್ಟ್ಯಾಟಿನ್, ಒಂದಕ್ಕೆ ಬರೀ ಆಸ್ಪಿರಿನ್, ಒಂದಕ್ಕೆ ಒಂದೇ ಬಿ.ಪಿ. ಮದ್ದು, ಕೆಲವಕ್ಕೆ ಎರಡೆರಡು, ಕೆಲವಕ್ಕೆ ಮೂರು, ಒಂದಕ್ಕೆ ಎಲ್ಲವೂ. ಹನ್ನೆರಡು ವಾರ. ಯಾವ ಮದ್ದು ಯಾವ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಬಿ.ಪಿ.ಯ ಮೇಲಿನ ಅಂಕಿ ಒಂದು ಮದ್ದಿನಿಂದ 2.2, ಎರಡರಿಂದ 4.7, ಮೂರರಿಂದ 6.3 ಮಿಲಿಮೀಟರ್ ಇಳಿಯಿತು. ಸ್ಟ್ಯಾಟಿನ್, ಆಸ್ಪಿರಿನ್ ಎಲ್ಲ ಸೇರಿದ ಪಾಲಿಕ್ಯಾಪ್‌ನಿಂದ 7.4, ಮೂರು ಬಿ.ಪಿ. ಮದ್ದುಗಳಿಂದ ಆದಷ್ಟೇ ಎಂದು ಸಂಶೋಧಕರು ಬರೆದರು. ಅತ್ತ ಎಲ್.ಡಿ.ಎಲ್. ಇಳಿದದ್ದು ಸ್ಟ್ಯಾಟಿನ್ ಇದ್ದ ಗುಂಪುಗಳಲ್ಲಿ: ಬರೀ ಸ್ಟ್ಯಾಟಿನ್‌ನಿಂದ ಡೆಸಿಲೀಟರಿಗೆ ಸುಮಾರು 32 ಮಿಲಿಗ್ರಾಂ, ಪಾಲಿಕ್ಯಾಪ್‌ನಿಂದ 27. ಬಿ.ಪಿ. ಮದ್ದು ಬಿ.ಪಿ. ಇಳಿಸಿತು, ಕೊಲೆಸ್ಟೆರಾಲ್ ಮದ್ದು ಕೊಲೆಸ್ಟೆರಾಲ್ ಇಳಿಸಿತು. ಒಂದೇ ಗುಳಿಗೆಯಲ್ಲಿ ಕೂಡಿಹಾಕಿದರೂ ತಮ್ಮ ತಮ್ಮ ಕೆಲಸ ಬಿಟ್ಟು ಪಕ್ಕದವರ ಕೆಲಸಕ್ಕೆ ಕೈ ಹಾಕಲಿಲ್ಲ.

ಮತ್ತೆ ಆ ಮಾತ್ರೆ ಏಕೆ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಬಿ.ಪಿ. ಇದೆ, ಕೊಲೆಸ್ಟೆರಾಲ್ ಹೆಚ್ಚಿಲ್ಲ, ಸ್ಟ್ಯಾಟಿನ್ ಬಿ.ಪಿ. ಇಳಿಸುವುದಿಲ್ಲ. ಆದರೂ ಏಕೆ?

ಥೇಟ್ ಇದೇ ಪ್ರಶ್ನೆಯನ್ನು ಬ್ರಿಟನ್, ಐರ್ಲೆಂಡ್ ಮತ್ತು ನಾರ್ಡಿಕ್ ದೇಶಗಳ ವೈದ್ಯರು ಹಾಕಿಕೊಂಡಿದ್ದರು. ಬಿ.ಪಿ. ಇದ್ದು, ಒಟ್ಟು ಕೊಲೆಸ್ಟೆರಾಲ್ 250ರ ಒಳಗಿದ್ದ 10,305 ಮಂದಿಯನ್ನು ಆರಿಸಿಕೊಂಡರು. ಎಲ್ಲರಿಗೂ ಬಿ.ಪಿ. ಚಿಕಿತ್ಸೆ ನಡೆದೇ ಇತ್ತು. ಅರ್ಧದಷ್ಟು ಜನರಿಗೆ 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಹುಸಿಮಾತ್ರೆ. ಐದು ವರ್ಷ ನಡೆಯಬೇಕಿದ್ದ ಪ್ರಯೋಗವನ್ನು ಮೂರು ವರ್ಷ ದಾಟುತ್ತಿದ್ದಂತೆಯೇ ನಿಲ್ಲಿಸಿದರು, ವ್ಯತ್ಯಾಸ ಅಷ್ಟು ಸ್ಪಷ್ಟವಿತ್ತು. ಹುಸಿಮಾತ್ರೆಯವರಲ್ಲಿ 154 ಮಂದಿಗೆ ಹೃದಯಾಘಾತವಾಗಿತ್ತು ಅಥವಾ ಅವರು ಹೃದ್ರೋಗದಿಂದ ಸತ್ತಿದ್ದರು. ಸ್ಟ್ಯಾಟಿನ್ ನುಂಗಿದವರಲ್ಲಿ 100. ಲಕ್ವವೂ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. 2003ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 'ಆಸ್ಕಾಟ್' ಎಂದು ಹೆಸರು.

ಪತ್ರಿಕೆಗಳು ಇದನ್ನು ಶೇಕಡ 36ರಷ್ಟು ಇಳಿಕೆ ಎಂದು ಬರೆದವು. ತಪ್ಪಲ್ಲ. ಆದರೆ ಗಣಿತ ಗೊತ್ತಿರುವ ವಿದ್ಯಾರ್ಥಿ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಐದು ಸಾವಿರ ಚಿಲ್ಲರೆ ಜನರಲ್ಲಿ 154 ಎಂದರೆ ನೂರಕ್ಕೆ ಮೂರು. 100 ಎಂದರೆ ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಮೂರು ವರ್ಷ ನೂರು ಜನ ಮಾತ್ರೆ ನುಂಗಿದರೆ ಒಬ್ಬರಿಗೆ ಆಗಬೇಕಿದ್ದ ಆಘಾತ ತಪ್ಪಿತು. ಅದು ಚಿಕ್ಕದೇ? ಆ ಒಬ್ಬರು ಯಾರೆಂದು ಮೊದಲೇ ಹೇಳಲಾಗದು ಎಂಬುದನ್ನೂ, ಮಾತ್ರೆಯ ಫಲ ವರ್ಷಗಳು ಕಳೆದಂತೆ ಕೂಡುತ್ತ ಹೋಗುತ್ತದೆ ಎಂಬುದನ್ನೂ ಸೇರಿಸಿ ನೋಡಬೇಕು. ಇದರ ಜೊತೆಗೆ, ಆಸ್ಕಾಟ್‌ನಲ್ಲಿದ್ದವರಿಗೆ ಬಿ.ಪಿ.ಯ ಜೊತೆ ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆಯಂಥ ಬೇರೆ ಅಪಾಯಗಳು ಕನಿಷ್ಠ ಮೂರಾದರೂ ಇದ್ದವು. ಆದ್ದರಿಂದ ಬಿ.ಪಿ. ಇರುವ ಪ್ರತಿಯೊಬ್ಬರಿಗೂ ಸ್ಟ್ಯಾಟಿನ್ ಬೇಕೆಂದು ಅರ್ಥವಲ್ಲ. ವೈದ್ಯರು ರಿಪೋರ್ಟಿನ ಒಂದು ಅಂಕಿಯನ್ನಷ್ಟೇ ನೋಡದೆ ಇಡೀ ಮನುಷ್ಯನನ್ನು ತೂಗಿ ಬರೆಯುತ್ತಾರೆ, ಬರೆಯಬೇಕು. ಇಂದಿರಾನಗರದಂಥ ಬಡಾವಣೆಗಳಲ್ಲಿ ಹೆಜ್ಜೆಗೊಂದು ಲ್ಯಾಬ್ ಆಗಿ 'ಇಡೀ ಮೈ ತಪಾಸಣೆ'ಯ ರಿಯಾಯಿತಿ ದರದ ಫಲಕಗಳು ತೂಗುವ ಕಾಲದಲ್ಲಿ ರಿಪೋರ್ಟಿನ ದಪ್ಪಕ್ಷರಗಳೇ ತೀರ್ಪು ಎನ್ನುವ ಭ್ರಮೆ ಬೆಳೆದಿದೆ. ರಿಪೋರ್ಟಿನ ಪಕ್ಕ ಅಚ್ಚಾಗಿರುವ 'ಸಾಧಾರಣ ಮಿತಿ' ಎಲ್ಲರಿಗೂ ಒಂದೇ. ಬಿ.ಪಿ. ಇರುವ 55ರ ಗಂಡಸಿಗೂ ಏನೂ ಇಲ್ಲದ 25ರ ಹುಡುಗಿಗೂ ಅದೇ ಮಿತಿ ಸರಿಹೊಂದೀತೇ?

ನಮ್ಮವರಿಗೆ ಇದು ಇನ್ನೂ ತುರ್ತಿನ ವಿಷಯ. ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಮೊದಲ ಹೃದಯಾಘಾತದ ವಯಸ್ಸು ಭಾರತವೂ ಸೇರಿದ ದಕ್ಷಿಣ ಏಷ್ಯಾದಲ್ಲಿ 53ರ ಆಸುಪಾಸು, ಉಳಿದ ದೇಶಗಳಲ್ಲಿ 59ರ ಆಸುಪಾಸು ಎಂದು ಕಂಡುಬಂತು. 53 ಎಂದರೆ ಅನೇಕ ಮನೆಗಳಲ್ಲಿ ಮಕ್ಕಳು ಇನ್ನೂ ಕಾಲೇಜಿನಲ್ಲಿರುವ ವಯಸ್ಸು. ಪಾಲಿಕ್ಯಾಪ್‌ನ ಮುಂದುವರಿದ ಪ್ರಯೋಗದ ಫಲಿತಾಂಶ 2020ರ ಕೊನೆಗೆ ಹೊರಬಂತು. ಅದರ 5713 ಮಂದಿಯಲ್ಲಿ ಅರ್ಧದ ಹತ್ತಿರ ಹತ್ತಿರ ಭಾರತೀಯರು. ಪಾಲಿಕ್ಯಾಪ್ ಮತ್ತು ಆಸ್ಪಿರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 4.1 ಮಂದಿಗೆ, ಎರಡೂ ಹುಸಿಮಾತ್ರೆ ತೆಗೆದುಕೊಂಡವರಲ್ಲಿ 5.8 ಮಂದಿಗೆ ಹೃದಯ, ರಕ್ತನಾಳಗಳ ಗಂಭೀರ ತೊಂದರೆ ಆಗಿತ್ತು. ಇಂಥ ಕೂಡುಗುಳಿಗೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಯಾರೂ ತಾವಾಗಿ ಆಸ್ಪಿರಿನ್ ನುಂಗಲು ಹೊರಡಬಾರದು. ಹೊಟ್ಟೆಯಲ್ಲಿ ರಕ್ತಸ್ರಾವ ತರುವ ಗುಣ ಅದಕ್ಕಿದೆ.

ಅಡಿಗೆಮನೆ, ಮೈಕೈ ನೋವು, ಚಕ್ಕೋತ

ಅಡಿಗೆಮನೆಯಲ್ಲೂ ಇವೆರಡರ ಲೆಕ್ಕ ಬೇರೆ ಬೇರೆ. ಬಿ.ಪಿ.ಗೆ ಮುಖ್ಯ ಶತ್ರು ಉಪ್ಪು: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕಾಂಗ್ರೆಸ್ ಕಡಲೆಕಾಯಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್.ಡಿ.ಎಲ್.ಗೆ ಶತ್ರು ತುಪ್ಪ, ಡಾಲ್ಡಾ, ಕೊಬ್ಬಿನ ಮಾಂಸ. ಉಪ್ಪು ಬಿಟ್ಟವರ ಕೊಲೆಸ್ಟೆರಾಲ್ ಇಳಿಯದು. ತುಪ್ಪ ಬಿಟ್ಟರೂ ಉಪ್ಪಿನಕಾಯಿ ಬಿಡದವರ ಬಿ.ಪಿ. ಅಲ್ಲಾಡದು. ಬೇಕರಿಯ ಖಾರಾ ಬನ್ನು ಮಾತ್ರ ಎರಡೂ ಕಡೆಗೆ ಸಲ್ಲುವ ಮಿತ್ರ. ಕೆರೆ ಸುತ್ತುವ ನಡಿಗೆ ಎರಡಕ್ಕೂ ಒಳ್ಳೆಯದು, ಅದನ್ನು ಬಿಡುವುದು ಬೇಡ.

ಮಾತ್ರೆ ಬಿಡುವವರು ಹೇಳುವ ಕಾರಣಗಳಲ್ಲಿ ಮೊದಲನೆಯದು, "ರಿಪೋರ್ಟ್ ನಾರ್ಮಲ್ ಬಂತಲ್ಲ." ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಲ್ಲಿಸಿದರೆ ಕಿಣ್ವ ಮತ್ತೆ ಕೆಲಸಕ್ಕೆ ಹಾಜರ್. ಕೆಲವೇ ವಾರಗಳಲ್ಲಿ ಎಲ್.ಡಿ.ಎಲ್. ಹಳೆಯ ಮಟ್ಟಕ್ಕೆ. ಎರಡನೆಯದು ಮೈಕೈ ನೋವು. ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರಬಹುದು, ಬಹಳ ಅಪರೂಪಕ್ಕೆ ಸ್ನಾಯು ಹಾನಿಯೂ ಆಗಬಹುದು. ಸೆರಿವಾಸ್ಟ್ಯಾಟಿನ್ ಎಂಬ ಒಂದನ್ನು ಇದೇ ಕಾರಣಕ್ಕೆ 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆದರೆ ನೋವಿನ ದೂರುಗಳೆಲ್ಲ ಮಾತ್ರೆಯವಲ್ಲ. ಸ್ಟ್ಯಾಟಿನ್ ಒಗ್ಗುವುದಿಲ್ಲವೆಂದು ಬಿಟ್ಟಿದ್ದ 60 ಮಂದಿಗೆ ಲಂಡನ್ನಿನಲ್ಲಿ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಎಂದು ಗುಟ್ಟಾಗಿ ಬದಲಿಸುತ್ತ ಕೊಟ್ಟರು. ಸ್ಟ್ಯಾಟಿನ್‌ನಿಂದ ಆದ ತೊಂದರೆಯ ಶೇಕಡ 90ರಷ್ಟು ಹುಸಿಮಾತ್ರೆಯಿಂದಲೂ ಆಗಿತ್ತು! ನೋವು ನಿಜವಾದದ್ದೇ; ಕಾರಣ ಮಾತ್ರೆಯಲ್ಲಿರುವ ಮದ್ದಲ್ಲ, ಮಾತ್ರೆಯ ಬಗೆಗಿನ ಭಯ. ರಕ್ತದ ಸಕ್ಕರೆಯನ್ನು ತುಸು ಏರಿಸುವ ಸ್ವಭಾವವೂ ಸ್ಟ್ಯಾಟಿನ್‌ಗಿದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಬಿ.ಪಿ. ಮಾತ್ರೆ, ಕೊಲೆಸ್ಟೆರಾಲ್ ಮಾತ್ರೆ ಒಂದನ್ನೊಂದು ಕೆಣಕುವ ಸಂದರ್ಭವೂ ಇದೆ. ಆಮ್ಲೋಡಿಪಿನ್ ಜೊತೆಗೆ ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡರೆ ಎರಡನೆಯದರ ಮಟ್ಟ ರಕ್ತದಲ್ಲಿ ಏರುತ್ತದೆ. ಆದ್ದರಿಂದ ಅಂಥವರಿಗೆ ಸಿಮ್ವಾಸ್ಟ್ಯಾಟಿನ್ ದಿನಕ್ಕೆ 20 ಮಿಲಿಗ್ರಾಂ ದಾಟಬಾರದೆಂದು ಅಮೆರಿಕದ ನಿಯಂತ್ರಕರು 2011ರಲ್ಲಿ ಎಚ್ಚರಿಸಿದರು. ಹೃದಯದ ಡಾಕ್ಟರು ಒಂದು ಕಡೆ, ಬಡಾವಣೆಯ ಡಾಕ್ಟರು ಇನ್ನೊಂದು ಕಡೆ ಬರೆದುಕೊಟ್ಟಾಗ ಇಬ್ಬರಿಗೂ ಎರಡೂ ಚೀಟಿ ತೋರಿಸಬೇಕಾದದ್ದು ಇದಕ್ಕೇ. ಮನೆಯಲ್ಲಿ ಓದುವ ಮಕ್ಕಳು ಎಲ್ಲ ಪಟ್ಟಿಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ.

ಹಣ್ಣಿನದೂ ಒಂದು ಪ್ರಸಂಗ. ಕೆನಡಾದ ಸಂಶೋಧಕರು ಫೆಲೋಡಿಪಿನ್ ಎಂಬ ಬಿ.ಪಿ. ಮದ್ದಿನ ಜೊತೆ ಮದ್ಯದ ಪರಿಣಾಮ ನೋಡುವಾಗ, ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ಹಣ್ಣಿನ ರಸ ಬೆರೆಸಿದ್ದರು. ಮದ್ದಿನ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರಿತು. ಕಾರಣ ಮದ್ಯವಲ್ಲ, ಹಣ್ಣು! 1989ರಲ್ಲಿ ವರದಿಯಾದ ಈ ಸಂಗತಿ ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್‌ಗಳಿಗೂ ಅನ್ವಯಿಸುತ್ತದೆ. ಮದ್ದನ್ನು ಒಡೆಯುವ ಕರುಳಿನ ಕಿಣ್ವವನ್ನು ಆ ಹಣ್ಣಿನಲ್ಲಿರುವ ವಸ್ತುಗಳು ಕೆಡಿಸುತ್ತವೆ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಷ್ಟಾಗಿ ಸಿಗದು, ನಿಜ. ಆದರೆ ಅದು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಅದೇ ಬಗೆಯ ವಸ್ತುಗಳು ಚಕ್ಕೋತದಲ್ಲೂ ಇವೆ. ದೇವನಹಳ್ಳಿಯ ಚಕ್ಕೋತದ ಕಾಲದಲ್ಲಿ ದಿನವೂ ಹಣ್ಣು ಬಿಡಿಸಿ ತಿನ್ನುವ ಅಭ್ಯಾಸವಿದ್ದವರು ವೈದ್ಯರಿಗೆ ಅದನ್ನೂ ಹೇಳಲಿ. ರೊಸುವಾಸ್ಟ್ಯಾಟಿನ್‌ಗೆ ಈ ತೊಡಕಿಲ್ಲ.

ಇನ್ನು ಹೊತ್ತಿನ ವಿಚಾರ. ಯಕೃತ್ತು ಹೆಚ್ಚಾಗಿ ಕೊಲೆಸ್ಟೆರಾಲ್ ತಯಾರಿಸುವುದು ರಾತ್ರಿ. ದೇಹದಲ್ಲಿ ಬೇಗ ಕರಗಿಹೋಗುವ ಸಿಮ್ವಾಸ್ಟ್ಯಾಟಿನ್ ಅನ್ನು ಅದಕ್ಕೇ ಮಲಗುವ ಮುನ್ನ ಕೊಡುತ್ತಾರೆ. ಅಟೋರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಹೆಚ್ಚು ಹೊತ್ತು ಉಳಿಯುವುದರಿಂದ ಯಾವಾಗ ನುಂಗಿದರೂ ನಡೆಯುತ್ತದೆ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ನುಂಗಬೇಕೋ ರಾತ್ರಿಯೋ ಎಂಬ ಚರ್ಚೆ ಬಹಳ ಕಾಲ ನಡೆದಿತ್ತು. ಬ್ರಿಟನ್ನಿನಲ್ಲಿ 21,104 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೆಳಗಿನ ಕಾಫಿಯ ಹೊತ್ತಿಗೋ ರಾತ್ರಿಯ ಊಟದ ಹೊತ್ತಿಗೋ, ಮರೆಯದೆ ಇರಬಲ್ಲ ಹೊತ್ತನ್ನು ಆರಿಸಿಕೊಂಡರಾಯಿತು.